ಬ್ರಿಟನ್‌ನಲ್ಲಿ ಮೋಸ ಹೋದ ದುಡ್ಡು ವಾಪಸ್ ಬರುತ್ತೆ, ಬೇಗ ಬಾಯಿ ಬಿಟ್ಟರೆ

ರಜೆಗೆ ಊರಿಗೆ ಹೋಗಿದ್ದಾಗ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ನಮ್ಮ ಭಾವ ಒಂದು ಪ್ರಶ್ನೆ ಕೇಳಿದರು. "ಅಲ್ಲಯ್ಯಾ, ಮೋಸ ಮಾಡಿದೋನು ಸಿಗಲೇ ಇಲ್ಲ ಅಂತೀಯ. ಮತ್ತೆ ದುಡ್ಡು ಕೊಟ್ಟೋರು ಯಾರು? ಬ್ಯಾಂಕಿನೋರು ತಮ್ಮ ಕೈಯಿಂದ ಯಾಕೆ ಕೊಡ್ತಾರೆ?" ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದವರೂ ತಿರುಗಿ ನೋಡಿದರು. ಅವರಿಗೂ ನಂಬಿಕೆ ಬಂದಿರಲಿಲ್ಲ. ತುಮಕೂರಿನ ಕಡೆಯಿಂದ ಓದೋಕೆ, ಕೆಲಸಕ್ಕೆ ಅಂತ ನಾನಿರುವ ಬ್ರಿಟನ್‌ಗೆ ಬರುವವರಿಗೂ, ಮಕ್ಕಳನ್ನು ಕಳಿಸಿ ಊರಲ್ಲಿ ಕಾಯುವವರಿಗೂ ಈ ವ್ಯವಸ್ಥೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಭಾವ ಹೇಳುತ್ತಿದ್ದದ್ದು ಅವರ ಮಗನ ವಿಷಯ. ನನ್ನ ಅಕ್ಕನ ಮಗ ಲೆಸ್ಟರ್‌ಗೆ ಎಂಎಸ್ಸಿ ಓದಲು ಬಂದ. ಮೊದಲ ಮೂರು ವಾರ ಸ್ನೇಹಿತನ ರೂಮಿನಲ್ಲಿ ನೆಲದ ಮೇಲೆ ಮಲಗಿದ. ಆಮೇಲೆ ಸೋಷಿಯಲ್ ಮೀಡಿಯಾದ ಒಂದು ಗುಂಪಿನಲ್ಲಿ ರೂಮಿನ ಜಾಹೀರಾತು ಕಂಡಿತು. ತಿಂಗಳಿಗೆ 550 ಪೌಂಡ್. ಮಾಲೀಕ ಊರಲ್ಲಿಲ್ಲ, ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ, ಎರಡು ತಿಂಗಳ ಅಡ್ವಾನ್ಸ್ ಹಾಕಿದರೆ ಬೀಗದ ಕೈ ಪೋಸ್ಟಿನಲ್ಲಿ ಬರುತ್ತದೆ. ಹುಡುಗ ಹಾಕಿಬಿಟ್ಟ. 1,100 ಪೌಂಡ್, ನಮ್ಮ ದುಡ್ಡಲ್ಲಿ ಒಂದೂಕಾಲು ಲಕ್ಷದ ಹತ್ತಿರ. ಬೀಗದ ಕೈ ಬರಲಿಲ್ಲ. ಶನಿವಾರ ಎರಡು ಸೂಟ್‌ಕೇಸ್ ಎಳೆದುಕೊಂಡು ಆ ವಿಳಾಸಕ್ಕೇ ಹೋದರೆ, ಬಾಗಿಲು ತೆಗೆದದ್ದು ಒಬ್ಬ ವಯಸ್ಸಾದ ಅಜ್ಜಿ. ಅವರ ಮನೆಯಲ್ಲಿ ಬಾಡಿಗೆಗೆ ಕೊಡುವ ರೂಮೇ ಇರಲಿಲ್ಲ. "ಹೀಗೆ ಬಂದವರಲ್ಲಿ ನೀನು ಮೂರನೆಯವನು ಮಗು" ಅಂದು ಕುಡಿಯೋಕೆ ನೀರು ಕೊಟ್ಟು ಕಳಿಸಿದರಂತೆ.

ನಾಲ್ಕು ದಿನ ಅವನು ಯಾರಿಗೂ ಹೇಳಲಿಲ್ಲ. ಐದನೇ ದಿನ ರಾತ್ರಿ ನನಗೆ ಫೋನ್ ಮಾಡಿದ. "ಅಪ್ಪ ಲೋನ್ ಮಾಡಿ ಕಳಿಸಿದ್ದಾರೆ ಮಾವ, ಯಾವ ಮುಖ ಇಟ್ಕೊಂಡು ಹೇಳಲಿ?" ಆ ನಾಲ್ಕು ದಿನಗಳ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ. ದುಡ್ಡು ಹೋದ ಮೊದಲ ಗಂಟೆಗಳಲ್ಲಿ ಹೇಳಿದ್ದರೆ ಆ ಕಡೆಯ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಅವಕಾಶ ಇರುತ್ತಿತ್ತು.

ಈಗ ಭಾವನ ಪ್ರಶ್ನೆಗೆ ಬರೋಣ. 2024ರ ಅಕ್ಟೋಬರ್ 7ರಿಂದ ಇಲ್ಲಿ ಒಂದು ಕಡ್ಡಾಯ ನಿಯಮವಿದೆ. ಯಾರೋ ಮೋಸದಿಂದ ನಂಬಿಸಿದ್ದಕ್ಕೆ ನೀವೇ ನಿಮ್ಮ ಕೈಯಾರೆ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದ್ದರೂ, ಬ್ಯಾಂಕ್ ಅದನ್ನು ತುಂಬಿಕೊಡಬೇಕು. ಒಂದು ದೂರಿಗೆ 85,000 ಪೌಂಡ್‌ವರೆಗೆ. ಇಂಥ ಮೋಸವನ್ನು ಬ್ಯಾಂಕಿನವರು ಎಪಿಪಿ (ಆಥರೈಸ್ಡ್ ಪುಶ್ ಪೇಮೆಂಟ್, ಅಂದರೆ ನೀವೇ ಒಪ್ಪಿ ಕಳಿಸಿದ ಹಣ) ಸ್ಕ್ಯಾಮ್ ಅನ್ನುತ್ತಾರೆ. ಆ ಹಣದಲ್ಲಿ ಅರ್ಧ ಕಳಿಸಿದ ಬ್ಯಾಂಕ್ ಕೊಡುತ್ತದೆ, ಇನ್ನರ್ಧ ಕಳ್ಳನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕ್ ಕೊಡುತ್ತದೆ. ಈ ನಿಯಮದ ಜೀವ ಇರುವುದು ಇಲ್ಲೇ. ಕಳ್ಳನ ಖಾತೆ ಇಟ್ಟುಕೊಂಡವರ ಜೇಬಿಗೂ ಕೈ ಬಿದ್ದರೆ ಮಾತ್ರ ಅವರು ಖಾತೆ ತೆರೆಯುವಾಗ ಕಣ್ಣು ಬಿಟ್ಟು ನೋಡುತ್ತಾರೆ. ಕಳ್ಳ ಸಿಕ್ಕಲಿ ಸಿಗದಿರಲಿ, ನಿಮ್ಮ ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ.

ದೂರು ಕೊಟ್ಟ ಮೇಲೆ ಸಾಮಾನ್ಯವಾಗಿ ಐದು ಕೆಲಸದ ದಿನಗಳಲ್ಲಿ ಹಣ ಬರಬೇಕು. ಹೆಚ್ಚಿನ ವಿವರ ಬೇಕೆಂದರೆ 35 ಕೆಲಸದ ದಿನಗಳವರೆಗೆ ಎಳೆಯಬಹುದು. ದುಡ್ಡು ಕಳಿಸಿ 13 ತಿಂಗಳು ದಾಟಿರಬಾರದು. ಪ್ರತಿ ದೂರಿನಲ್ಲೂ 100 ಪೌಂಡ್‌ವರೆಗೆ ಹಿಡಿದುಕೊಳ್ಳುವ ಹಕ್ಕು ಬ್ಯಾಂಕಿಗಿದೆ. ನಮ್ಮ ಹುಡುಗನಿಗೆ 1,000 ಪೌಂಡ್ ಬಂತು, ನೂರು ಹೋಯಿತು.

ಬ್ಯಾಂಕಿಗೆ ಫೋನ್ ಮಾಡಿದಾಗ ನಡೆದದ್ದನ್ನು ಹೇಳಬೇಕು, ಯಾಕೆಂದರೆ ನಮ್ಮವರು ಹೆದರುವುದು ಅಲ್ಲೇ. ಸ್ಪೀಕರ್ ಹಾಕಿಕೊಂಡು ನಾವಿಬ್ಬರೂ ಕೂತೆವು. ಆ ಕಡೆಯ ಹೆಂಗಸು ಬೈಯಲಿಲ್ಲ. ಜಾಹೀರಾತಿನ ಸ್ಕ್ರೀನ್‌ಶಾಟ್ ಇದೆಯಾ, ವಾಟ್ಸ್ಯಾಪ್ ಮಾತುಕತೆ ಇದೆಯಾ, ದುಡ್ಡು ಕಳಿಸುವಾಗ ಸ್ಕ್ರೀನ್ ಮೇಲೆ ಏನು ಬಂತು ಅಂತ ಕೇಳಿದರು. ಕೊನೆಯ ಪ್ರಶ್ನೆಗೆ ಹುಡುಗ ತಡವರಿಸಿದ. ಇಲ್ಲಿ ಹೊಸಬರಿಗೆ ಹಣ ಹಾಕುವಾಗ ನೀವು ಬರೆದ ಹೆಸರೂ ಖಾತೆಯ ಹೆಸರೂ ತಾಳೆಯಾಗುತ್ತದಾ ಅಂತ ಬ್ಯಾಂಕ್ ನೋಡಿ ಹೇಳುತ್ತದೆ. ಅವನಿಗೆ ಹೆಸರು ಹೊಂದುತ್ತಿಲ್ಲ ಅಂತ ಬಂದಿತ್ತು. ಕೇಳಿದ್ದಕ್ಕೆ ಮಾಲೀಕ, ಅದು ನನ್ನ ಹೆಂಡತಿಯ ಖಾತೆ ಅಂದಿದ್ದ. ಇವನು ಮುಂದೆ ಒತ್ತಿದ್ದ. ಅದನ್ನು ಮುಚ್ಚಿಡಬೇಡ, ಇದ್ದದ್ದು ಇದ್ದಂತೆ ಹೇಳು ಅಂತ ನಾನು ಕೈ ಸನ್ನೆ ಮಾಡಿದೆ. ಹೇಳಿದ. ಒಂದು ಎಚ್ಚರಿಕೆ ದಾಟಿದ ಮಾತ್ರಕ್ಕೆ ಬ್ಯಾಂಕ್ ಕೈ ತೊಳೆದುಕೊಳ್ಳುವಂತಿಲ್ಲ. ನೀವು ತೀರಾ ವಿಪರೀತ ಬೇಜವಾಬ್ದಾರಿ ತೋರಿಸಿದಿರಿ ಅಂತ ಸಾಬೀತು ಮಾಡುವ ಹೊಣೆ ಅವರದೇ. ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಬ್ಯಾಂಕಿನ ನಂಬರ್ ಹುಡುಕುತ್ತಾ ಕೂರಬೇಕಿಲ್ಲ. 159 ಒತ್ತಿ. ನಿಮ್ಮ ಬ್ಯಾಂಕಿನ ಹೆಸರು ಹೇಳಿದರೆ ಅಲ್ಲಿಗೇ ಜೋಡಿಸುತ್ತಾರೆ. ದೊಡ್ಡ ಬ್ಯಾಂಕುಗಳು ಹೆಚ್ಚುಕಡಿಮೆ ಎಲ್ಲವೂ ಇದರಲ್ಲಿವೆ, ನಿಮ್ಮದು ಇಲ್ಲದಿದ್ದರೆ ಕಾರ್ಡಿನ ಹಿಂದಿರುವ ನಂಬರ್ ಬಳಸಿ. 159ರಿಂದ ನಿಮಗೆ ಕರೆ ಎಂದೂ ಬರುವುದಿಲ್ಲ. ಬಂದರೆ ಅದೇ ಮೋಸ.

ಯಾವುದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ ಅನ್ನುವುದನ್ನು ತುಮಕೂರಿನಲ್ಲಿರುವ ಅಪ್ಪ ಅಮ್ಮಂದಿರು ಗಮನವಿಟ್ಟು ಓದಬೇಕು. ಬ್ರಿಟನ್‌ನ ಒಂದು ಖಾತೆಯಿಂದ ಬ್ರಿಟನ್‌ನ ಇನ್ನೊಂದು ಖಾತೆಗೆ ಹೋದ ಹಣಕ್ಕೆ ಮಾತ್ರ ಇದು. ಮಗ ಇನ್ನೂ ವಿಮಾನ ಹತ್ತಿಲ್ಲ, ರೂಮ್ ಕೈತಪ್ಪುತ್ತದೆ ಅಂತ ನೀವು ಬಿ.ಎಚ್. ರಸ್ತೆಯ ಬ್ಯಾಂಕಿನಿಂದಲೇ ಅಡ್ವಾನ್ಸ್ ಕಳಿಸಿದರೆ ಇಲ್ಲಿನ ರಕ್ಷಣೆ ಸಿಗುವುದಿಲ್ಲ. ಅದಕ್ಕೆ ನಮ್ಮ ದೇಶದ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಬೇಕು, ತುಮಕೂರಿನ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೆ ಹೋಗಬೇಕು. ಹಾಗಾಗಿ ನನ್ನ ಮಾತು ಕೇಳುವುದಾದರೆ, ಮೊದಲ ತಿಂಗಳಿಗೆ ಯೂನಿವರ್ಸಿಟಿಯ ಹಾಸ್ಟೆಲ್ಲೋ ಪರಿಚಯದವರ ಮನೆಯೋ ಇರಲಿ. ಬಂದು, ಬಾಗಿಲು ತಟ್ಟಿ, ಒಳಗೆ ಹೋಗಿ ನೋಡಿದ ಮೇಲೆಯೇ ದುಡ್ಡು. ನಗದು ಕೊಟ್ಟದ್ದಕ್ಕೂ, ಕ್ರಿಪ್ಟೋದಲ್ಲಿ ಕಳಿಸಿದ್ದಕ್ಕೂ ಈ ನಿಯಮ ಇಲ್ಲ.

ಅಡ್ವಾನ್ಸ್ ವಿಷಯದಲ್ಲಿ ನಾವು ಮೋಸ ಹೋಗುವುದಕ್ಕೆ ನಮ್ಮ ಊರಿನ ರೂಢಿಯೂ ಕಾರಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಎರಡು ತಿಂಗಳು ಅಂದರೆ ಕಡಿಮೆಯೇ ಅನ್ನಿಸುತ್ತದೆ. ಆದರೆ ಇಂಗ್ಲೆಂಡಿನಲ್ಲಿ 2019ರ ಟೆನೆಂಟ್ ಫೀಸ್ ಆಕ್ಟ್ ಪ್ರಕಾರ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ತೆಗೆದುಕೊಳ್ಳುವಂತಿಲ್ಲ. 550 ಪೌಂಡ್ ಬಾಡಿಗೆಗೆ ಸುಮಾರು 634 ಪೌಂಡ್, ಅಷ್ಟೇ. 1,100 ಕೇಳಿದಾಗಲೇ ಹುಡುಗನಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿರಲಿಲ್ಲ.

ಸಾಮಾನು ಕೊಳ್ಳುವಾಗ ಕ್ರೆಡಿಟ್ ಕಾರ್ಡ್ ಬಳಸಿದರೆ ಬೇರೆಯೇ ಬಲವಿದೆ. 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್‌ನ 75ನೇ ಸೆಕ್ಷನ್ ಪ್ರಕಾರ, 100 ಪೌಂಡ್ ಮೀರಿದ, 30,000 ಪೌಂಡ್ ಮೀರದ ವಸ್ತುವಿಗೆ ಅಂಗಡಿಯವನಷ್ಟೇ ಹೊಣೆ ಕಾರ್ಡ್ ಕಂಪನಿಗೂ ಇದೆ. ಲ್ಯಾಪ್‌ಟಾಪ್ ಬರಲಿಲ್ಲ, ಅಂಗಡಿಯೇ ಮಾಯ ಅಂದರೆ ಕಾರ್ಡಿನವರನ್ನು ಹಿಡಿಯಿರಿ. ಡೆಬಿಟ್ ಕಾರ್ಡ್ ಆದರೆ ಚಾರ್ಜ್‌ಬ್ಯಾಕ್ ಅಂತ ಕೇಳಿ, ಅಂದರೆ ಅಂಗಡಿಗೆ ಹೋದ ದುಡ್ಡನ್ನು ಬ್ಯಾಂಕ್ ವಾಪಸ್ ಕೇಳುವುದು. ಅದು ಕಾನೂನಲ್ಲ, ಕಾರ್ಡ್ ಸಂಸ್ಥೆಗಳ ನಿಯಮ, ಆದರೂ ಕೆಲಸಕ್ಕೆ ಬರುತ್ತದೆ.

ಬ್ಯಾಂಕ್ ಆಗಲ್ಲ ಅಂದರೆ ಅಲ್ಲಿಗೆ ಬಿಡಬೇಡಿ. ಬರಹದಲ್ಲಿ ದೂರು ಕೊಟ್ಟು ಅವರ ಅಂತಿಮ ಉತ್ತರ ತರಿಸಿಕೊಳ್ಳಿ. ಅದು ಬಂದ ಆರು ತಿಂಗಳೊಳಗೆ, ಬ್ಯಾಂಕ್ ಮತ್ತು ಗ್ರಾಹಕರ ಜಗಳ ಬಗೆಹರಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ದುಡ್ಡು ವಾಪಸ್ ಕೊಡಿಸುತ್ತೇವೆ, ಫೀಸ್ ಕೊಡಿ ಅಂತ ಮೋಸ ಹೋದವರ ಹಿಂದೆಯೇ ಬೀಳುವ ಗುಂಪುಗಳಿವೆ, ಅವು ಎರಡನೇ ಸಲ ದೋಚುತ್ತವೆ.

ಇನ್ನು ಪೊಲೀಸ್. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇಂಥ ದೂರಿಗೆ ಒಂದೇ ಕಡೆ. ಮೊದಲು ಆಕ್ಷನ್ ಫ್ರಾಡ್ ಅಂತಿತ್ತು, ಈಗ ರಿಪೋರ್ಟ್ ಫ್ರಾಡ್. ನಂಬರ್ 0300 123 2040. ಸ್ಕಾಟ್ಲೆಂಡ್‌ನಲ್ಲಿದ್ದರೆ 101. ನಿಮ್ಮೊಬ್ಬರ ದೂರಿಗೆ ಇನ್‌ಸ್ಪೆಕ್ಟರ್ ಮನೆಗೆ ಬರುತ್ತಾರೆ ಅಂದುಕೊಳ್ಳಬೇಡಿ. ಆದರೂ ಕೊಡಿ, ಆ ಅಜ್ಜಿಯ ಬಾಗಿಲಿಗೆ ಬಂದ ಮೂವರ ದೂರು ಒಂದು ಕಡೆ ಸೇರಿದರೆ ಒಂದೇ ಗುಂಪಿನ ಕೆಲಸ ಅಂತ ಕಾಣುತ್ತದೆ. ಮೋಸದ ಮೆಸೇಜ್ ಬಂದರೆ 7726ಕ್ಕೆ ಫಾರ್ವರ್ಡ್ ಮಾಡಿ, ಹಣ ತಗಲುವುದಿಲ್ಲ. ಹಳೇ ಬಟನ್ ಫೋನಿನಲ್ಲಿ ಆ ಅಂಕಿಗಳನ್ನು ಒತ್ತಿದರೆ ಸ್ಪ್ಯಾಮ್ ಅನ್ನುವ ಪದ ಬರುತ್ತದೆ, ನೆನಪಿಡಲು ಸುಲಭ. ಕೆಲವೊಮ್ಮೆ ಬ್ಯಾಂಕೇ ನಿಮ್ಮ ಪಾವತಿ ತಡೆಹಿಡಿಯುತ್ತದೆ. ಮೋಸದ ಅನುಮಾನಕ್ಕೆ ಕಾರಣವಿದ್ದರೆ 72 ಗಂಟೆವರೆಗೆ ಹೆಚ್ಚುವರಿಯಾಗಿ ನಿಲ್ಲಿಸಲು 2024ರ ಅಕ್ಟೋಬರ್‌ನಿಂದ ಅವಕಾಶವಿದೆ. ಸಿಟ್ಟಾಗಬೇಡಿ, ಕೇಳಿದ್ದಕ್ಕೆ ನಿಜ ಹೇಳಿ.

ನನಗೆ ಎಲ್ಲಕ್ಕಿಂತ ಭಯ ಇರುವುದು ಇನ್ನೊಂದರ ಬಗ್ಗೆ. ವಾಟ್ಸ್ಯಾಪ್ ಗುಂಪಿನಲ್ಲಿ ನಮ್ಮ ಭಾಷೆಯಲ್ಲೇ ಒಬ್ಬರು ಬರೆಯುತ್ತಾರೆ: "ಊರಲ್ಲಿ ನಿಮ್ಮಪ್ಪ ನನ್ನ ಖಾತೆಗೆ ರೂಪಾಯಿ ಹಾಕಲಿ, ನಾನಿಲ್ಲಿ ನಿನಗೆ ಪೌಂಡ್ ಹಾಕ್ತೀನಿ, ಬ್ಯಾಂಕಿಗಿಂತ ಒಳ್ಳೇ ರೇಟು." ಇನ್ನೊಬ್ಬರು, ನಿನ್ನ ಖಾತೆಗೆ 2,000 ಬರುತ್ತೆ, 200 ಇಟ್ಕೊಂಡು ಉಳಿದದ್ದು ಕಳಿಸು ಅನ್ನುತ್ತಾರೆ. ಆ ಪೌಂಡ್ ಇನ್ಯಾರೋ ಹುಡುಗ ರೂಮಿಗೆ ಅಂತ ಕೊಟ್ಟು ಕಳಕೊಂಡ ದುಡ್ಡಾಗಿರಬಹುದು. ಹೀಗೆ ತಮ್ಮ ಖಾತೆಯಿಂದ ಕಳ್ಳ ದುಡ್ಡು ಸಾಗಿಸುವವರನ್ನು ಇಲ್ಲಿ ಮನಿ ಮ್ಯೂಲ್ ಅನ್ನುತ್ತಾರೆ. ಗೊತ್ತಿದ್ದೂ ಕಳ್ಳ ದುಡ್ಡು ಸಾಗಿಸಿದರೆ 14 ವರ್ಷದವರೆಗೆ ಜೈಲು. ಬ್ಯಾಂಕುಗಳು ನೋಡುವ ಸಿಫಾಸ್ ಪಟ್ಟಿಯಲ್ಲಿ ಹೆಸರು ಆರು ವರ್ಷದವರೆಗೆ ಉಳಿಯಬಹುದು. ಖಾತೆ ಮುಚ್ಚಿದರೆ ಸಂಬಳ ಹಾಕಿಸಿಕೊಳ್ಳುವುದೂ ಕಷ್ಟ, ಮುಂದೆ ವೀಸಾ ಕೇಳುವಾಗಲೂ ತೊಡಕು. ಮಗನ ಕೈಗೆ ಪೌಂಡ್ ಬೇಕೆಂದರೆ ಬ್ಯಾಂಕಿನಿಂದಲೇ ಕಳಿಸಿ, ಎರಡು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ.

ಹೋಂ ಆಫೀಸಿನಿಂದ (ವೀಸಾ ನೋಡಿಕೊಳ್ಳುವ ಇಲ್ಲಿನ ಸರ್ಕಾರಿ ಇಲಾಖೆ) ಮಾತಾಡ್ತಿದ್ದೀವಿ, ನಿನ್ನ ವೀಸಾ ರದ್ದಾಗುತ್ತೆ, ಈಗಲೇ ದಂಡ ಕಟ್ಟು ಅನ್ನುವ ಕರೆಗಳೂ ಬರುತ್ತವೆ. ಹೋಂ ಆಫೀಸ್ ಫೋನಿನಲ್ಲಿ ಹಾಗೆ ದುಡ್ಡು ಕೇಳುವುದಿಲ್ಲ. ಫೋನ್ ಇಟ್ಟುಬಿಡಿ.

ಊರಲ್ಲಿರುವವರಿಗೆ ನನ್ನದೊಂದು ಕೋರಿಕೆ. ಮಗನೋ ಮಗಳೋ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ, ಅಪ್ಪಾ ಒಂದು ತಪ್ಪಾಯ್ತು ಅಂದರೆ, ಬೈಗುಳವನ್ನು ನಾಳೆಗೆ ಇಟ್ಟುಕೊಳ್ಳಿ. ಯಾವ ಖಾತೆಯಿಂದ ಹೋಯಿತು, ಯಾವತ್ತು ಹೋಯಿತು ಅಂತ ಎರಡೇ ಕೇಳಿ. ಇಲ್ಲಿನ ಖಾತೆ ಅಂದರೆ ಫೋನ್ ಇಟ್ಟು 159ಕ್ಕೆ ಮಾಡು ಅನ್ನಿ. ಅಲ್ಲಿನ ಖಾತೆ ಅಂದರೆ 1930ಕ್ಕೆ ನೀವೇ ಮಾಡಿ. ಭಾವ ಅವತ್ತು ಈ ಎರಡೂ ನಂಬರನ್ನು ಹೋಟೆಲ್ ಬಿಲ್ಲಿನ ಹಿಂದೆ ಬರೆದುಕೊಂಡು, ಪಕ್ಕದ ಟೇಬಲ್ಲಿನವರಿಗೂ ತೋರಿಸಿದರು. ಅವರ ಮಗಳು ಜನವರಿಗೆ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದಳಂತೆ.