ಚಕ್ಕೋತದ ಕಹಿ ಕತ್ತರಿಸುವ ಜೀನ್ ಹುಡುಕುವುದು ಹೇಗೆ?

ದೇವನಹಳ್ಳಿ ಚಕ್ಕೋತ ಸುಲಿದಿದ್ದೀರಾ? ದಪ್ಪ ಸಿಪ್ಪೆಯ ಒಳಗೆ ಹತ್ತಿಯಂಥ ಬಿಳಿ ಭಾಗ ಇರುತ್ತದೆ. ಅದನ್ನು ಚೂರು ಕಚ್ಚಿ ನೋಡಿ. ಕಹಿ ಸುಮಾರು ಹೊತ್ತು ನಾಲಿಗೆ ಬಿಡುವುದಿಲ್ಲ. ಅದಕ್ಕೆ ಮುಖ್ಯ ಕಾರಣ ನರಿಂಜಿನ್. ಹಣ್ಣು ಹಿಂಡುವಾಗ ಈ ಬಿಳಿ ಭಾಗ, ತೊಳೆಯ ಪೊರೆ ನಜ್ಜಾದಷ್ಟೂ ರಸಕ್ಕೆ ಕಹಿ ಜಾಸ್ತಿ.

ನರಿಂಜಿನ್ ಅಂದರೆ ನರಿಂಜೆನಿನ್ ಎಂಬ ಅಣುವಿಗೆ ಅಂಟಿದ ಗ್ಲೂಕೋಸ್, ಆ ಗ್ಲೂಕೋಸಿಗೆ ಅಂಟಿದ ರ‍್ಯಾಮ್ನೋಸ್. ಎರಡು ಸಕ್ಕರೆ ಇದ್ದೂ ಕಹಿ! ರ‍್ಯಾಮ್ನೋಸ್ ಅಂಟಿದ ಜಾಗವೇ ಇದಕ್ಕೆ ಕಾರಣ. ಗ್ಲೂಕೋಸಿನ 2ನೇ ಕಾರ್ಬನ್ನಿಗೆ ಅಂಟಿದರೆ ಕಹಿ. 6ನೇ ಕಾರ್ಬನ್ನಿಗೆ ಅಂಟಿದರೆ ಅದು ಕಿತ್ತಳೆಯಲ್ಲಿರುವ ನರಿರುಟಿನ್, ಅದಕ್ಕೆ ಕಹಿಯೇ ಇಲ್ಲ. ಎಷ್ಟು ಸಣ್ಣ ವ್ಯತ್ಯಾಸ, ಅಲ್ವಾ?

ಕೆಲವು ಬ್ಯಾಕ್ಟೀರಿಯಾಗಳು ಈ ರ‍್ಯಾಮ್ನೋಸನ್ನು ಕತ್ತರಿಸಿ ತಿನ್ನುತ್ತವೆ. ಆ ಕತ್ತರಿಯೇ ರ‍್ಯಾಮ್ನೋಸಿಡೇಸ್ ಎಂಬ ಕಿಣ್ವ. ರಸದ ಕಹಿ ತಗ್ಗಿಸಲು ಅದರ ಜೀನ್ ನಮಗೆ ಬೇಕು. ಇದು ಲ್ಯಾಬಿನಲ್ಲೇ ಮಾಡುವ ಕೆಲಸ, ಅಡುಗೆಮನೆಯಲ್ಲಿ ಬೇಡ.

ಮೊದಲು ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವಬೇಕು. ಸಿಪ್ಪೆ ಕೊಳೆತ ಜಾಗದ ಮಣ್ಣು ತನ್ನಿ. ಲವಣಗಳಿರುವ ನೀರಿಗೆ ಹಾಕಿ. ಆಹಾರವಾಗಿ ನರಿಂಜಿನ್ ಮಾತ್ರ ಕೊಡಿ. ಅದು ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಬಿಸಿನೀರು ಬೇಕು. ಗ್ಲೂಕೋಸ್ ಸೇರಿಸಲೇಬೇಡಿ. ಸುಲಭದ ಊಟ ಸಿಕ್ಕರೆ ಎಷ್ಟೋ ಬ್ಯಾಕ್ಟೀರಿಯಾಗಳು ಕಷ್ಟದ ಊಟಕ್ಕೆ ಬೇಕಾದ ಜೀನನ್ನು ಆನ್ ಮಾಡುವುದೇ ಇಲ್ಲ. ನೀರು ಮಬ್ಬಾದ ಮೇಲೆ ಒಂದು ಹನಿಯನ್ನು ಹೊಸ ಟ್ಯೂಬಿಗೆ ಹಾಕಿ. ಹೀಗೆ ಮೂರ್ನಾಲ್ಕು ಸಲ.

ಆಮೇಲೆ ನರಿಂಜಿನ್ ಇರುವ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟಿನ ಮೇಲೆ ಗೀರಿ. ಪಕ್ಕದಲ್ಲೇ ನರಿಂಜಿನ್ ಇಲ್ಲದ ಪ್ಲೇಟನ್ನೂ ಇಡಿ. ಬರೀ ಅಗಾರ್‌ನಲ್ಲಿರುವ ಕಲ್ಮಶ ತಿಂದೂ ಕೆಲವು ಬೆಳೆಯುತ್ತವೆ. ಅವು ನಮಗೆ ಬೇಡ. ಈ ಎರಡನೇ ಪ್ಲೇಟನ್ನು ಬಿಟ್ಟರೆ ತಿಂಗಳುಗಟ್ಟಲೆ ತಪ್ಪು ದಾರಿ ಹಿಡಿಯಬಹುದು.

ಉಳಿದ ಕಾಲೊನಿಗಳಿಗೆ ಬಣ್ಣದ ಪರೀಕ್ಷೆ. ಪ್ಯಾರಾ-ನೈಟ್ರೋಫಿನೈಲ್ ರ‍್ಯಾಮ್ನೋಸೈಡ್ ಬಣ್ಣವಿಲ್ಲದ ವಸ್ತು. ಕಿಣ್ವ ಅದನ್ನು ಕತ್ತರಿಸಿದ್ದರೆ, ಸೋಡಿಯಂ ಕಾರ್ಬೊನೇಟ್ ಹಾಕಿದ ಕೂಡಲೇ ಟ್ಯೂಬ್ ಅರಿಶಿನದಂತೆ ಹಳದಿಯಾಗುತ್ತದೆ.

ಗೆದ್ದ ಬ್ಯಾಕ್ಟೀರಿಯಾದ ಜೀನೋಮ್ (ಅದರ ಇಡೀ ಡಿಎನ್ಎ) ಓದಿಸಿ. ಅದರಲ್ಲಿ ಜಿಎಚ್78 ಎಂಬ ಕಿಣ್ವ ಕುಟುಂಬದ ಜೀನ್ ಹುಡುಕಿ. ಬ್ಯಾಕ್ಟೀರಿಯಾದ ರ‍್ಯಾಮ್ನೋಸಿಡೇಸ್‌ಗಳಲ್ಲಿ ಹೆಚ್ಚಿನವು ಈ ಕುಟುಂಬದವು. ಹೋಲಿಕೆ ಸಿಕ್ಕಿತು ಅಂತ ಸುಮ್ನೆ ನಂಬಬೇಡಿ. ಆ ಜೀನನ್ನು ಕೆಡಿಸಿ ನೋಡಿ: ನರಿಂಜಿನ್ ಮೇಲೆ ಬೆಳೆಯುವುದು ನಿಲ್ಲಬೇಕು. ವಾಪಸ್ ಕೊಟ್ಟರೆ ಮತ್ತೆ ಬೆಳೆಯಬೇಕು. ಎರಡೂ ಆದರೆ ಮಾತ್ರ ಅದೇ ಜೀನ್. ಇದಕ್ಕೂ, ಕಿಣ್ವ ತಯಾರಿಸಲು ಜೀನನ್ನು ಇ. ಕೋಲಿ ಎಂಬ ಲ್ಯಾಬ್ ಬ್ಯಾಕ್ಟೀರಿಯಾಕ್ಕೆ ಸೇರಿಸುವುದಕ್ಕೂ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ಇರಲಿ.

ಕೊನೆಗೆ ರಸದ ಪರೀಕ್ಷೆ. ಎಷ್ಟೋ ಕಿಣ್ವಗಳು ಸೋಲುವುದು ಇಲ್ಲೇ. ಬ್ಯಾಕ್ಟೀರಿಯಾದ ಹೆಚ್ಚಿನ ರ‍್ಯಾಮ್ನೋಸಿಡೇಸ್‌ಗಳಿಗೆ ಪಿಎಚ್ 7ರ ಆಸುಪಾಸು ಬೇಕು, ಹಣ್ಣಿನ ರಸವೋ ಹುಳಿ. ಹುಳಿಯಲ್ಲೂ ಕೆಲಸ ಮಾಡುತ್ತದೆ ಅಂತಲೇ ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರದ ಕಿಣ್ವ ಬಳಕೆಯಲ್ಲಿರುವುದು. ನಿಮ್ಮ ಕಿಣ್ವವನ್ನು ರಸದ ಪಿಎಚ್‌ನಲ್ಲೇ ಪರೀಕ್ಷಿಸಿ. ರುಚಿ ನೋಡಬೇಡಿ, ರಸದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಯಲ್ಲಿ ಅಳೆಯಿರಿ. ರ‍್ಯಾಮ್ನೋಸ್ ಹೋದರೆ ಪ್ರುನಿನ್ ಉಳಿಯುತ್ತದೆ, ಅದರ ಕಹಿ ನರಿಂಜಿನ್‌ನ ಸುಮಾರು ಮೂರನೇ ಒಂದು ಪಾಲು. ಗ್ಲೂಕೋಸನ್ನೂ ತೆಗೆದರೆ ಕಹಿ ಪೂರ್ತಿ ಹೋಗುತ್ತದೆ. ಆದರೆ ಉಳಿಯುವ ನರಿಂಜೆನಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಹಾಗಾಗಿ ಮೊದಲ ಕತ್ತರಿಯಷ್ಟೇ ಸಾಕೇ ಎಂದು ಮೊದಲು ನೋಡಿ.