ಕಿನ್ನಾಳದ ಗಿಣಿ, ಬೆಣ್ಣೆ ಬಿಸ್ಕತ್ತು

ನಮಗೆ ಪ್ರೈಮರಿಯಲ್ಲಿ ಕಲಿಸಿದ ಅಕ್ಕೋರು ಮೇ ಕೊನೆಗೆ ರಿಟೈರ್ ಆಗುವವರಿದ್ದರು. ಕೊಪ್ಪಳದಲ್ಲೇ ಉಳಿದ ನಾವು ಹಳೇ ಹುಡುಗಿಯರೆಲ್ಲ ಸೇರಿ ಒಂದು ಸಂಜೆ ಚಹಾಕ್ಕೆ ಕರೆಯೋಣ ಅಂದೆವು. ಮಿರ್ಚಿ ಒಬ್ಬಳಿಗೆ, ಮಂಡಕ್ಕಿ ಒಗ್ಗರಣೆ ಇನ್ನೊಬ್ಬಳಿಗೆ. ಮನೆಯಲ್ಲಿ ಓವನ್ ಇಟ್ಟುಕೊಂಡ ತಪ್ಪಿಗೆ ಬಿಸ್ಕತ್ತು ನನ್ನ ಪಾಲಿಗೆ. "ಸಾದಾ ಬ್ಯಾಡ, ಥೀಮ್ ಇರಬೇಕು ನೋಡು" ಅಂತ ಹುಕುಂ ಬೇರೆ.

ಮೊಬೈಲಿನಲ್ಲಿ ಹುಡುಕಿದರೆ ಬರೀ ಗುಲಾಬಿ, ಕಿಟ್ಲಿ, ಕಪ್ಪು-ಸಾಸರು. ಆಗ ನೆನಪಾಗಿದ್ದು ಇದೇ ಅಕ್ಕೋರು ನಮ್ಮನ್ನು ಬಸ್ಸಿನಲ್ಲಿ, ಬಣ್ಣದ ಕಟ್ಟಿಗೆ ಗೊಂಬೆಗೆ ಹೆಸರಾದ ನಮ್ಮ ಜಿಲ್ಲೆಯ ಕಿನ್ನಾಳಕ್ಕೆ ಕರೆದುಕೊಂಡು ಹೋದದ್ದು. ಅಲ್ಲಿ ಚಿತ್ರಗಾರರ ಮನೆಯೊಂದರಲ್ಲಿ ಗೊಂಬೆಯ ಮೈಮೇಲೆ ಕಲ್ಲಿನ ಪುಡಿ, ಅಂಟು ಕಲಸಿದ ಪಾಕದಿಂದ ಉಬ್ಬು ಗೆರೆ ಎಳೆದು ಸರ, ಬಳೆ ಮೂಡಿಸುತ್ತಿದ್ದರು. ಬಿಸ್ಕತ್ತಿನ ಮೇಲೆ ಸಕ್ಕರೆ ಪಾಕದಿಂದ ಗೆರೆ ಎಳೆದು ಐಸಿಂಗ್ ಮಾಡುವವರ ಕೆಲಸವೂ ಅದೇ ಅಲ್ಲವೇ? ಕಟ್ಟಿಗೆಯ ಬದಲು ಮೈದಾ, ಅಷ್ಟೇ. ಮೊದಲು ಗೌರಿ, ಗರುಡ ಅಂತ ಬರೆದುಕೊಂಡಿದ್ದೆ. ಅತ್ತಿ ಚೀಟಿ ನೋಡಿದವರೇ "ಗೌರವ್ವನ್ನ ಕಡದು ತಿಂತಾರೇನಬೇ?" ಅಂದರು. ಗಿಣಿ, ಆನೆ, ಜೊತೆಗೆ ಚಹಾ ಕಪ್ಪು ಅಂತ ತೀರ್ಮಾನವಾಯಿತು.

ಮೊದಲ ತಟ್ಟೆ ಪೂರ್ತಿ ಹಾಳು. ಕೈಗೆ ರೂಢಿಯಿದ್ದ ನಾನಕಟಾಯಿ ಅಳತೆಯನ್ನೇ ಹಿಡಿದಿದ್ದೆ. ಅದರಲ್ಲಿ ಸೋಡಾ ಬೀಳುತ್ತದೆ, ಅರಳಬೇಕು, ಬಿರಿಯಬೇಕು. ಗಿಣಿ ಅರಳಿದರೆ ಬಾತುಕೋಳಿ ಆಗುತ್ತದೆ. ಆಕಾರ ನಿಲ್ಲಬೇಕಾದರೆ ಸೋಡಾ, ಬೇಕಿಂಗ್ ಪೌಡರ್ ಎರಡನ್ನೂ ಮುಟ್ಟಬಾರದು. ಆಮೇಲೆ ಹಿಡಿದ ಅಳತೆ: ಪುಡಿ ಸಕ್ಕರೆ 100 ಗ್ರಾಂ, ಬೆಣ್ಣೆ 200, ಮೈದಾ 300, ಚಿಟಿಕೆ ಏಲಕ್ಕಿ. ಹಿಟ್ಟು ಉದುರಾದರೆ ಒಂದೆರಡು ಚಮಚ ಹಾಲು. ಮನೆ ಬೆಣ್ಣೆ ಬೇಡ, ಅದರಲ್ಲಿ ಮಜ್ಜಿಗೆ ನೀರು ಉಳಿದಿರುತ್ತದೆ. ಅಂಗಡಿಯ ಉಪ್ಪಿಲ್ಲದ ಬೆಣ್ಣೆ ತಂದೆ.

ನಿಜವಾದ ವೈರಿ ನಮ್ಮೂರ ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ಬೆಣ್ಣೆ ಹಿಟ್ಟು ಲಟ್ಟಿಸುವುದೆಂದರೆ ಕೆಸರು ಲಟ್ಟಿಸಿದ ಹಾಗೆ. ಬೆಳಗಿನ ಐದಕ್ಕೆ ಎದ್ದು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಹಾಳೆ ಸಮೇತ ಫ್ರಿಡ್ಜಿಗಿಟ್ಟೆ. ಗಟ್ಟಿಯಾದ ಮೇಲೆ ಕತ್ತರಿಸಿ, ತಟ್ಟೆಗೆ ಜೋಡಿಸಿ ಮತ್ತೆ ಇಪ್ಪತ್ತು ನಿಮಿಷ ಫ್ರೀಜರಿನಲ್ಲಿಟ್ಟು, ನೇರ 170 ಡಿಗ್ರಿ ಕಾದ ಓವನ್‌ಗೆ. ಹನ್ನೆರಡರಿಂದ ಹದಿನಾಲ್ಕು ನಿಮಿಷ, ಅಂಚಿಗೆ ಹೊಂಬಣ್ಣ ಬಂದರೆ ಸಾಕು.

ಕಿನ್ನಾಳದ ಗಿಣಿಯ ಅಚ್ಚು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ಮೇಲೆ ಬರೆದು, ಕತ್ತರಿಸಿ, ಹಿಟ್ಟಿನ ಮೇಲಿಟ್ಟು ಚಾಕುವಿನಿಂದ ಸುತ್ತ ಕೊರೆದೆ. ಆನೆ ಬಹಳ ಕಾಡಿತು. ಸೊಂಡಿಲು ಸಣ್ಣದು, ಹೊಟ್ಟೆ ದೊಡ್ಡದು. ಹೊಟ್ಟೆ ಬೇಯುವಷ್ಟರಲ್ಲಿ ಸೊಂಡಿಲು ಕಪ್ಪು. ಕೊನೆಗೆ ಸೊಂಡಿಲನ್ನು ಎದೆಗೆ ಅಂಟಿಸಿ ಹೊಸ ಚಿತ್ರ ಬರೆದೆ. ಮುರಿಯುವುದೂ ನಿಂತಿತು.

ಐಸಿಂಗಿಗೆ ಸಾಮಾನ್ಯವಾಗಿ ಮೊಟ್ಟೆಯ ಬಿಳಿ ಹಾಕುತ್ತಾರೆ. ನಮ್ಮಲ್ಲಿ ಅರ್ಧ ಜನ ಮೊಟ್ಟೆ ಮುಟ್ಟುವುದಿಲ್ಲ. ಅದಕ್ಕೆ ಕಾಬೂಲಿ ಕಡಲೆ ಉಪ್ಪಿಲ್ಲದೆ ಬೇಯಿಸಿ, ಆ ನೀರನ್ನು ಲೋಳೆ ಲೋಳೆ ಆಗುವವರೆಗೆ ಕುದಿಸಿ ಆರಿಸಿದೆ. ಮೂರು ದೊಡ್ಡ ಚಮಚ ನೀರಿಗೆ ನಾಲ್ಕು ಹನಿ ಲಿಂಬೆರಸ ಹಿಂಡಿ ಕಡೆದರೆ ಬೆಳ್ಳಗೆ ನೊರೆ ಏಳುತ್ತದೆ. ಜರಡಿ ಹಿಡಿದ 250 ಗ್ರಾಂ ಐಸಿಂಗ್ ಶುಗರ್ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಮಿಕ್ಸಿಯಲ್ಲಿ ಬೀಸಿದ ಸಕ್ಕರೆ ಬೇಡ, ಐಸಿಂಗ್ ಹಿಂಡುವ ಕೋನಿನ ತುದಿಗೆ ಹರಳು ಸಿಕ್ಕಿಕೊಳ್ಳುತ್ತದೆ. ಕಡಲೆ ವಾಸನೆ ಬಂತೇ? ಏಲಕ್ಕಿಯ ಮುಂದೆ ಯಾರಿಗೂ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಅಂಚು ಎಳೆಯಲು ಟೂತ್‌ಪೇಸ್ಟಿನ ಹದ. ಒಳಗೆ ತುಂಬಲು ಹನಿ ಹನಿ ನೀರು ಬೆರೆಸಿ ತೆಳು ಮಾಡಿದ್ದು: ಚಮಚದಿಂದ ಬಿಟ್ಟ ಗೆರೆ ಹದಿನೈದು ಎಣಿಸುವಷ್ಟರಲ್ಲಿ ಕರಗಿ ಸಮವಾಗಬೇಕು. ಮೆಹಂದಿ ಕೋನ್ ಸುತ್ತಿದ ಕೈಗೆ ಇದು ಕಷ್ಟವಲ್ಲ. ಒಣ ಗಾಳಿಗೆ ಕೋನಿನ ತುದಿ ಮಾತ್ರ ಎರಡೇ ನಿಮಿಷಕ್ಕೆ ಕಟ್ಟಿಕೊಳ್ಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು, ಸೆರಗಿಗೆ ಗುಂಡುಪಿನ್ನು ಸಿಕ್ಕಿಸಿಕೊಂಡು ಕೂತೆ.

ಅವಸರ ಒಂದು ಕಡೆ ಕೈಕೊಟ್ಟಿತು. ಗಿಣಿಯ ಹಸಿರು ಮೇಲ್ಮೈ ಒಣಗಿದ ಹಾಗೆ ಕಂಡಿತೆಂದು ಎರಡೇ ತಾಸಿಗೆ ಕೆಂಪು ಕೊರಳಪಟ್ಟಿ ಎಳೆದೆ. ಬೆಳಗ್ಗೆ ನೋಡಿದರೆ ಕೆಂಪು ಹಸಿರಿನೊಳಗೆ ಇಳಿದು, ಒಂಬತ್ತು ಗಿಣಿಗಳ ಕೊರಳು ಕೊಯ್ದ ಹಾಗಿತ್ತು. ಮಗ ಖುಷಿಯಿಂದ ತಿಂದ. ಉಳಿದವನ್ನು ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಟ್ಟು ಮರುದಿನ ಕೆಂಪು, ಹಳದಿ ಗೆರೆ, ಚುಕ್ಕಿ ಇಟ್ಟೆ. ಬೆರಳು ಸವರಿದರೆ ಗೊಂಬೆಯ ಸರದ ಹಾಗೆಯೇ ಉಬ್ಬು ತಾಗುತ್ತಿತ್ತು.

ಚಹಾದ ದಿನ ಅರ್ಧಕ್ಕರ್ಧ ಮಂದಿ ಗಿಣಿಯನ್ನು ತಲೆಕೆಳಗೆ ಹಿಡಿದು ಚಹಾದಲ್ಲಿ ಅದ್ದಿದರು. ಎರಡು ದಿನ ದುಡಿದದ್ದು ಹಸಿರು ಚಹಾ ಆಯಿತು. ಅಕ್ಕೋರು ಮಾತ್ರ ಒಂದು ಆನೆಯನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದು, ಮನೆಯ ಷೋಕೇಸಿನಲ್ಲಿ ನಿಜವಾದ ಕಿನ್ನಾಳದ ಗೊಂಬೆಯ ಪಕ್ಕ ಇಟ್ಟರಂತೆ. ಮೂರನೇ ದಿನ ಫೋನು.

"ನಿನ್ನ ಆನಿಗೆ ಇರುವಿ ಹತ್ಯಾವು. ತಿನ್ನಲೋ, ಇಡಲೋ?"

"ತಿಂದ್ಬಿಡ್ರಿ ಅಕ್ಕೋರೆ, ಇನ್ನೊಂದು ಮಾಡಿ ಕೊಡ್ತೀನಿ" ಅಂದೆ.