ತಲೆನೋವಿನ ರಿಜಿಸ್ಟರ್‌ನಿಂದ ಆರಂಭವಾದದ್ದು: ನನ್ನ ಅನುಭವ

ನಾನು ಶಾಲೆಯಲ್ಲಿ ಆಪ್ತಸಮಾಲೋಚನೆ ಮಾಡುತ್ತೇನೆ. ಹದಿಹರೆಯದ ಹುಡುಗಿಯರು ಅದಕ್ಕೆ ತಾವಾಗಿ ಬರುವುದಿಲ್ಲ, ಆ ಆಸೆ ಬಿಡಿ ಎಂದು ಸಹೋದ್ಯೋಗಿಗಳು ಹೇಳುತ್ತಲೇ ಇದ್ದರು. ಈಗ ವಾರಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ.

ಮೊದಲ ವರ್ಷದ ಅನುದಾನದಲ್ಲಿ ಮುಕ್ಕಾಲು ಪಾಲನ್ನು ಭಿತ್ತಿಪತ್ರಗಳಿಗೂ ಒಂದು ದಿನದ ಉಪನ್ಯಾಸಕ್ಕೂ ಸುರಿದೆ. ಚಪ್ಪಾಳೆ ಬಿತ್ತು, ಮರುದಿನ ಒಬ್ಬಳೂ ಬರಲಿಲ್ಲ. ಚೀಟಿ ಹಾಕಲು ಪೆಟ್ಟಿಗೆ ಇಟ್ಟೆ. ಅದು ಶಿಕ್ಷಕರ ಕೊಠಡಿಯ ಎದುರಿಗೇ ಇದೆ, ಚೀಟಿ ಹಾಕುವವಳು ಎಲ್ಲರ ಕಣ್ಣಿಗೆ ಬೀಳುತ್ತಾಳೆ ಎಂಬುದು ಹೊಳೆಯಲು ನಾಲ್ಕು ತಿಂಗಳು ಹಿಡಿಯಿತು. ಭಾವನೆ, ನಡವಳಿಕೆಯ ತೊಂದರೆಗಳನ್ನು ಗುರುತಿಸುವ ಎಸ್‌ಡಿಕ್ಯೂ ಪ್ರಶ್ನಾವಳಿಯನ್ನು ಇಡೀ ತರಗತಿಗೆ ಒಟ್ಟಿಗೇ ಕೊಟ್ಟದ್ದು ಇನ್ನೊಂದು ತಪ್ಪು. 25 ಪ್ರಶ್ನೆಗಳಿಗೂ ಪಕ್ಕದವಳನ್ನು ನೋಡಿಕೊಂಡೇ ಉತ್ತರಿಸಿದರು.

ಒಂದು ಮಧ್ಯಾಹ್ನ, ಮೈ ಸರಿಯಿಲ್ಲದ ಹುಡುಗಿಯರು ಬಂದು ಮಲಗುವ ವಿಶ್ರಾಂತಿ ಕೊಠಡಿಯ ರಿಜಿಸ್ಟರ್ ತಿರುವುತ್ತಿದ್ದೆ. ತಲೆನೋವು, ಹೊಟ್ಟೆನೋವು, ತಲೆಸುತ್ತು. ಅವೇ ಏಳೆಂಟು ಹೆಸರುಗಳು. ಒಬ್ಬಳಿಗಂತೂ ಪ್ರತಿ ಬಾರಿಯೂ ಒಂದೇ ಪಾಠದ ಹೊತ್ತಿಗೆ ನೋವು. ಮನಸ್ಸಿನ ಸಂಕಟ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಓದಿದ್ದರೂ ಈ ರಿಜಿಸ್ಟರನ್ನು ಆ ಕಣ್ಣಿನಿಂದ ನೋಡಿರಲಿಲ್ಲ. ನನ್ನ ಕುರ್ಚಿಯನ್ನು ಅಲ್ಲಿಗೇ ಸಾಗಿಸಿದೆ. ಫಲಕ ಹಾಕಲಿಲ್ಲ.

ತಲೆನೋವನ್ನು ಮೊದಲು ತಲೆನೋವೆಂದೇ ನಂಬುತ್ತೇನೆ. ಮುಟ್ಟಿನ ನೋವು, ನಿದ್ದೆ, ಊಟ ವಿಚಾರಿಸುತ್ತೇನೆ. ರಕ್ತಪರೀಕ್ಷೆಗೆ ಕಳುಹಿಸಿದ ಸುಮಾರು ಮೂವತ್ತು ಹುಡುಗಿಯರಲ್ಲಿ ಏಳೆಂಟು ಮಂದಿಗೆ ರಕ್ತಹೀನತೆ ಇತ್ತು, ಒಬ್ಬಳಿಗೆ ಥೈರಾಯ್ಡ್ ತೊಂದರೆ. ಆಮೇಲೆ ಪಕ್ಕದಲ್ಲಿ ಕುಳಿತು ಇಬ್ಬರೂ ಬ್ಯಾಂಡೇಜ್ ಬಟ್ಟೆ ಮಡಚುತ್ತೇವೆ. ಮುಖಾಮುಖಿ ಕುಳಿತರೆ ಬಾರದ ಮಾತು ಕೈಗೆ ಕೆಲಸವಿದ್ದಾಗ ಬರುತ್ತದೆ. ಆಗ ನಾನು ಕೇಳುವ ಮೊದಲ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಕಂಠಪಾಠ ಮಾಡಿ ಕೇಳಿದರೆ ಅದು ಸತ್ತುಹೋಗುತ್ತದೆ.

ನಡುವೆ ನಿದ್ದೆಯ ದಿನಚರಿಯನ್ನೂ ಬರೆಯಿಸಿದೆ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು, ಇವರಿಗೆ ಸಿಗುತ್ತಿದ್ದದ್ದು ಆರರ ಆಸುಪಾಸು. ಬೇಗ ಮಲಗಿ ಎಂದದ್ದು ನಿಷ್ಫಲವಾಯಿತು, ಪ್ರೌಢಾವಸ್ಥೆಯಲ್ಲಿ ದೇಹದ ಗಡಿಯಾರವೇ ತಡವಾಗುತ್ತದಲ್ಲ. ಮುಂಜಾನೆಯ ವಿಶೇಷ ತರಗತಿಯನ್ನು ನಿಲ್ಲಿಸಿದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಸಿಕ್ಕಿತು. ಅದನ್ನು ನಿಲ್ಲಿಸಲು ಒಂದು ಇಡೀ ಶೈಕ್ಷಣಿಕ ಅವಧಿ ಜಗಳವಾಡಿದ್ದೇನೆ.

ಮನಸ್ಸಿನ ನೆಮ್ಮದಿಯನ್ನು ಐದು ಪ್ರಶ್ನೆಗಳಿಂದ ನೂರರ ಮಾಪಕದಲ್ಲಿ ಅಳೆಯುವ ಡಬ್ಲ್ಯುಎಚ್‌ಒ-5 ಅಂಕ ನಿಯಮಿತವಾಗಿ ಬರುವವರಲ್ಲಿ ನಲವತ್ತರ ಒಳಗಿನಿಂದ ಐವತ್ತೈದರ ಸಮೀಪಕ್ಕೆ ಏರಿದೆ. ಕೆಲವರದು ಏರಲೇ ಇಲ್ಲ. ಅಂಥ ಒಬ್ಬಳ ಮಣಿಕಟ್ಟಿನ ಗಾಯ ಕಂಡ ದಿನ, ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ ಎಂದು ತಿಳಿದಿದ್ದೂ ಎರಡು ವರ್ಷ ಹೆದರಿದ್ದೆ. ಅವಳು ಹೌದು ಎಂದಳು. ಜೀವದ ಪ್ರಶ್ನೆ ಬಂದರೆ ಗುಟ್ಟು ಉಳಿಯದು ಎಂದು ಮೊದಲೇ ಹೇಳಿರುತ್ತೇನೆ. ಅದೇ ಸಂಜೆ ತಾಯಿಯೊಂದಿಗೆ ಮನೋವೈದ್ಯರ ಬಳಿ ಹೋದೆವು.

ಹೀಗೆ ಕಳುಹಿಸಿದವರಲ್ಲಿ ಅರ್ಧದಷ್ಟು ಮಂದಿ ಎರಡನೇ ಭೇಟಿಗೇ ನಿಲ್ಲಿಸುತ್ತಿದ್ದರು, ಪ್ರಯಾಣದ ಖರ್ಚಿಗಾಗಿ. ಭಿತ್ತಿಪತ್ರಕ್ಕೆ ಹೋಗುತ್ತಿದ್ದ ಹಣವನ್ನು ಈ ವರ್ಷ ಪೂರ್ತಿ ಅದಕ್ಕೇ ಕೊಡುತ್ತಿದ್ದೇನೆ.